ಪಿತ್ತದ ಕಲ್ಲಿನಿಂದ ಬಿಸಿಲಿನ ಸತ್ವದವರೆಗೆ

‘ಕೊಲೆಸ್ಟೆರಾಲ್’ ಎಂಬ ಮಾತು ಇಂದು ನಮ್ಮ ಹಳ್ಳಿಗಳಲ್ಲಿಯೂ ಬಳಕೆಗೆ ಬಂದಿದೆ. ಮಧುಗಿರಿಯ ಸಂತೆಗೆ ಬಂದ ರೈತನೂ ಪಾವಗಡದ ಬಸ್ಸಿನಲ್ಲಿ ಕುಳಿತ ಗುಮಾಸ್ತನೂ ಅದನ್ನು ಉಚ್ಚರಿಸುತ್ತಾರೆ. ಉಚ್ಚರಿಸುವಾಗ ಹಗೆಯ ಹೆಸರನ್ನು ಹೇಳಿದಂತೆ ಹೇಳುತ್ತಾರೆ. ರಕ್ತದಲ್ಲಿ ಅದು ಮಿತಿಮೀರಿದರೆ ರಕ್ತನಾಳಗಳ ಗೋಡೆಯಲ್ಲಿ ಕಟ್ಟಿಕೊಂಡು ಹೃದಯಕ್ಕೆ ಕೇಡು ತರುತ್ತದೆಂಬುದು ನಿಜ. ಆದರೆ ಕೇಡು ಮಾಡುವುದೇ ಅದರ ಧರ್ಮವಾಗಿದ್ದರೆ ನಮ್ಮ ದೇಹವೇ ಅದನ್ನು ದಿನವೂ ಏಕೆ ತಯಾರಿಸಬೇಕು? ನಾವು ತಿನ್ನುವ ಆಹಾರದಿಂದ ಬರುವುದಕ್ಕಿಂತ ಹೆಚ್ಚು ಪಾಲನ್ನು ದೇಹವೇ, ಮುಖ್ಯವಾಗಿ ಪಿತ್ತಜನಕಾಂಗವೇ, ಸಿದ್ಧಪಡಿಸಿಕೊಳ್ಳುತ್ತದೆ. ಪ್ರತಿಯೊಂದು ಜೀವಕೋಶದ ಹೊದಿಕೆಯಲ್ಲಿಯೂ ಅದು ಇದೆ. ಅಷ್ಟೇ ಅಲ್ಲ, ಅದರಿಂದ ಹುಟ್ಟುವ ಅನೇಕ ದ್ರವ್ಯಗಳು ನಮ್ಮ ರೋಗನಿರೋಧಕ ಶಕ್ತಿಯನ್ನು ನಡೆಸುತ್ತವೆ. ಕೆಲವು ಕ್ಯಾನ್ಸರಿಗೆ ಇಂಬು ಕೊಡುತ್ತವೆ, ಕೆಲವು ಅದನ್ನು ತಡೆಯುತ್ತವೆ. ಈ ಸಂತತಿಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಇಲ್ಲಿನ ಉದ್ದೇಶ.

ಮೊದಲು ಹೆಸರಿನ ವಿಚಾರ. ಗ್ರೀಕ್ ಭಾಷೆಯಲ್ಲಿ ‘ಖೋಲೆ’ ಎಂದರೆ ಪಿತ್ತ, ‘ಸ್ಟೆರಿಯೋಸ್’ ಎಂದರೆ ಗಟ್ಟಿಯಾದುದು. 18ನೆಯ ಶತಮಾನದಲ್ಲಿ ಫ್ರಾನ್ಸಿನ ಪುಲ್ತಿಯೇ ದ ಲಾ ಸಾಲ್ ಎಂಬ ವೈದ್ಯನು ಪಿತ್ತಕೋಶದ ಕಲ್ಲುಗಳಿಂದ ಬಿಳಿಯ ಹರಳಿನಂಥ ಒಂದು ಪದಾರ್ಥವನ್ನು ತೆಗೆದನು. 1815ರಲ್ಲಿ ಷೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞನು, ಇದು ಸಾಬೂನಾಗಿ ಮಾರ್ಪಡುವ ಸಾಮಾನ್ಯ ಕೊಬ್ಬಲ್ಲವೆಂದು ತೋರಿಸಿ ‘ಕೊಲೆಸ್ಟೆರೀನ್’ ಎಂದು ಹೆಸರಿಟ್ಟನು. 1859ರಲ್ಲಿ ಬರ್ತೆಲೋ ಇದು ರಾಸಾಯನಿಕವಾಗಿ ಆಲ್ಕೊಹಾಲುಗಳ ಜಾತಿಗೆ ಸೇರಿದ್ದೆಂದು ಕಂಡುಕೊಂಡನು. ಹೆಸರಿನ ಕೊನೆಯ ‘ಆಲ್’ ಎಂಬ ಪ್ರತ್ಯಯ ಆ ಜಾತಿಯ ಗುರುತು. ಕನ್ನಡದಲ್ಲಿ ಹೇಳುವುದಾದರೆ ‘ಪಿತ್ತಘನ’ ಎನ್ನಬಹುದು. ಕೊಬ್ಬಿನ ಜೊತೆಯಲ್ಲಿ ಇರುತ್ತದೆ, ಕೊಬ್ಬಿನಂತೆ ನೀರಿನಲ್ಲಿ ಕರಗದು; ಆದರೂ ಅದು ಕೊಬ್ಬಲ್ಲ.

ನಮ್ಮ ಪ್ರಾಚೀನರ ಮಾತನ್ನೂ ಇಲ್ಲಿ ನೆನೆಯಬೇಕು. ಸುಶ್ರುತ ಸಂಹಿತೆಯಲ್ಲಿ ಅರ್ಬುದ ಎಂಬ ಗಂಟುರೋಗವನ್ನು ವಿಂಗಡಿಸುವಾಗ ಮೇದೋಜ, ಎಂದರೆ ಮೇದಸ್ಸಿನಿಂದ ಹುಟ್ಟುವ ಅರ್ಬುದವೆಂಬ ಒಂದು ಬಗೆಯನ್ನು ಹೇಳಿದೆ. ಇದನ್ನು ಓದಿದ ಉತ್ಸಾಹಿಗಳು ಕ್ಯಾನ್ಸರಿಗೂ ಕೊಬ್ಬಿಗೂ ಇರುವ ನಂಟನ್ನು ನಮ್ಮವರು ಆಗಲೇ ಕಂಡಿದ್ದರೆಂದು ಹೇಳುವುದುಂಟು. ಮೇಲೆ ಹೇಳಿದಂತೆ ಕೊಬ್ಬು ಬೇರೆ, ಕೊಲೆಸ್ಟೆರಾಲು ಬೇರೆ. ಸುಶ್ರುತನ ಮೇದೋಜ ಅರ್ಬುದವನ್ನು ಇಂದಿನ ವೈದ್ಯರು ನಿರುಪದ್ರವಿಯಾದ ಕೊಬ್ಬಿನ ಗಂಟಿಗೆ ಹೋಲಿಸುತ್ತಾರೆ. ಹಿರಿಯರು ಗಂಟುಗಳನ್ನು ಕಣ್ಣಿಟ್ಟು ನೋಡಿ ವಿಂಗಡಿಸಿದರೆಂಬುದೇ ಅವರಿಗೆ ಸಾಕಷ್ಟು ದೊಡ್ಡ ಕೀರ್ತಿ. ಅವರು ಹೇಳದುದನ್ನು ಅವರ ಬಾಯಲ್ಲಿ ಇಡುವುದು ಬೇಡ.

ಇನ್ನು ನಮ್ಮ ಸೀಮೆಗೆ ಬರೋಣ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳ ಬಯಲು ಮಳೆ ಕಡಮೆಯಾದ ಬಯಲು. ಶೇಂಗಾ ಕೈಕೊಟ್ಟ ವರ್ಷವೂ ಸಂಸಾರವನ್ನು ಹಿಡಿದು ನಿಲ್ಲಿಸುವುದು ಕುರಿಯ ಹಿಂಡು. ಕುರುಬರೂ ಕಾಡುಗೊಲ್ಲರೂ ತಲೆಮಾರುಗಳಿಂದ ಇಲ್ಲಿ ಕುರಿ ಕಾಯುತ್ತ ಬಂದಿದ್ದಾರೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿ, ನೂತು, ಹುಣಸೆ ಬೀಜದ ಗಂಜಿ ಕೊಟ್ಟು ಕರಿಯ ಕಂಬಳಿ ನೇಯುವ ಕಸುಬನ್ನು ಈ ಕಡೆಯವರು ಬಲ್ಲರು. ಹಸಿ ಉಣ್ಣೆಯನ್ನು ಮುಟ್ಟಿದ ಕೈಗೆ ಒಂದು ಬಗೆಯ ಜಿಡ್ಡು ಹತ್ತುವುದನ್ನೂ ಬಲ್ಲರು. ಕುರಿಯ ಚರ್ಮ ತನ್ನ ತುಪ್ಪಟ ಮಳೆಗೆ ನೆನೆಯದಿರಲೆಂದು ಸುರಿಸುವ ಮೇಣ ಅದು. ಆ ಜಿಡ್ಡಿನಲ್ಲಿ ಕೊಲೆಸ್ಟೆರಾಲು ಹೇರಳವಾಗಿದೆ. 1882ರಲ್ಲಿ ಜರ್ಮನಿಯ ಬ್ರೌನ್ ಮತ್ತು ಲೀಬ್ರೈಖ್ ಎಂಬವರು ಅದನ್ನು ಶುದ್ಧಿಮಾಡಿ ‘ಲ್ಯಾನೊಲಿನ್’ ಎಂಬ ಹೆಸರಿನಿಂದ ಮುಲಾಮುಗಳ ಬಳಕೆಗೆ ತಂದರು. ನಮ್ಮ ದಖ್ಖನಿ ಕುರಿಯ ಒರಟು ಉಣ್ಣೆಯಲ್ಲಿ ಜಿಡ್ಡು ಸ್ವಲ್ಪ; ಆಸ್ಟ್ರೇಲಿಯ ಮೊದಲಾದ ಕಡೆಗಳ ಮೆರಿನೋ ಕುರಿಯಲ್ಲಿ ಬಹಳ. ಆದುದರಿಂದ ಆ ಉದ್ಯಮ ಅಲ್ಲಿಯ ಉಣ್ಣೆಯನ್ನು ನಂಬಿ ಬೆಳೆಯಿತು.

ಉಣ್ಣೆಯ ಈ ಜಿಡ್ಡಿಗೂ ರೋಗಕ್ಕೂ ಏನು ಸಂಬಂಧ? ಸಂಬಂಧವನ್ನು ಬೆಸೆದದ್ದು ಬಿಸಿಲು. ಹೊಗೆ ಕವಿದ ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಮಕ್ಕಳ ಕಾಲ್ಮೂಳೆ ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಹರಡಿತ್ತು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಷಿನ್ಸ್ಕಿ ಎಂಬ ವೈದ್ಯನು ಪಾದರಸದ ದೀಪದ ನೇರಳಾತೀತ ಕಿರಣಗಳಿಂದ ಅಂಥ ಮಕ್ಕಳನ್ನು ಗುಣಪಡಿಸಿದನು. 1921ರಲ್ಲಿ ನ್ಯೂಯಾರ್ಕಿನ ಹೆಸ್ ಮತ್ತು ಉಂಗರ್ ಬರಿಯ ಬಿಸಿಲೇ ಆ ಕೆಲಸ ಮಾಡುತ್ತದೆಂದು ತೋರಿಸಿದರು. ಚರ್ಮದಲ್ಲಿರುವ ಯಾವುದೋ ಪದಾರ್ಥ ಬಿಸಿಲು ಬಿದ್ದೊಡನೆ ಔಷಧವಾಗುತ್ತದೆ, ಅದು ಯಾವುದು? ಜರ್ಮನಿಯ ವಿಂಡೌಸ್ ಮತ್ತು ಅವನ ಸಂಗಡಿಗರು ಇದನ್ನು ಹುಡುಕಿ ಹೊರಟರು. 1928ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ಮುಂದೆ 1930ರ ದಶಕದಲ್ಲಿ, ಕೊಲೆಸ್ಟೆರಾಲು ಸಿದ್ಧವಾಗುವುದಕ್ಕೆ ಒಂದೇ ಮೆಟ್ಟಿಲು ಹಿಂದೆ ಇರುವ ಅದರ ನಿಕಟ ಬಂಧುವೇ ಬಿಸಿಲಿನಲ್ಲಿ ವಿಟಮಿನ್ ‘ಡಿ’ ಎಂಬ ಅನ್ನಾಂಗವಾಗುತ್ತದೆಂಬುದು ಸ್ಪಷ್ಟವಾಯಿತು. ಇಂದು ಔಷಧದ ಅಂಗಡಿಯಲ್ಲಿ ಕೊಳ್ಳುವ ಡಿ ಗುಳಿಗೆಯ ಸತ್ವ ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದಲೇ ಬರುತ್ತದೆ: ಜಿಡ್ಡಿನಿಂದ ಕೊಲೆಸ್ಟೆರಾಲು, ಅದಕ್ಕೆ ಸ್ವಲ್ಪ ಮಾರ್ಪಾಟು, ಅದರ ಮೇಲೆ ನೇರಳಾತೀತ ಬೆಳಕು. ಹಿಂಡಿನ ಹಿಂದೆ ಬಿಸಿಲಿನಲ್ಲಿ ನಡೆಯುವ ಕುರುಬನ ಮೈಯಲ್ಲಿ ಪುಕ್ಕಟೆಯಾಗಿ ನಡೆಯುವ ಕ್ರಿಯೆಯನ್ನೇ ಕಾರ್ಖಾನೆ ಅನುಕರಿಸುತ್ತದೆ.

ಬಿಸಿಲಿಗೆ ನಮ್ಮಲ್ಲಿ ಬಡತನವಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ, 2018ರಿಂದ, ಬಿಸಿಲನ್ನೇ ವಿದ್ಯುತ್ತಾಗಿ ಮಾಡುವ ದೊಡ್ಡ ಸ್ಥಾವರ ನಡೆಯುತ್ತಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಇಂಥ ನಾಡಿನಲ್ಲಿ ಬಿಸಿಲಿನ ಅನ್ನಾಂಗಕ್ಕೆ ಕೊರತೆಯುಂಟೇ ಎಂದು ನೀವು ಕೇಳಬಹುದು. ಉಂಟು. ತಿರುಪತಿಯ ಕಡೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಪರೀಕ್ಷೆಗಳು ಪಟ್ಟಣದವರಲ್ಲಿ ಹೆಚ್ಚಾಗಿಯೂ ಹಳ್ಳಿಗರಲ್ಲಿ ಅದಕ್ಕಿಂತ ಕಡಮೆಯಾಗಿಯೂ ಈ ಕೊರತೆಯಿರುವುದನ್ನು ತೋರಿಸಿದವು. ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಮೈತುಂಬ ಬಟ್ಟೆ, ಕಪ್ಪು ಚರ್ಮದ ಸಹಜವಾದ ತಡೆ ಇವೆಲ್ಲ ಸೇರುತ್ತವೆ. ಬಿಸಿಲು ಊರಿಗೆ ಬಿದ್ದರೆ ಸಾಲದು, ಮೈಗೆ ಬೀಳಬೇಕು.

ಇಷ್ಟರವರೆಗಿನದು ಶುಭ ಕಥೆ. ಈಗ ಅದರ ಇನ್ನೊಂದು ಮುಖ. ಪಿತ್ತಜನಕಾಂಗವು ಕೊಲೆಸ್ಟೆರಾಲನ್ನು ಪಿತ್ತಾಮ್ಲಗಳಾಗಿ ಮಾರ್ಪಡಿಸಿ ಕರುಳಿಗೆ ಬಿಡುತ್ತದೆ. ತಿಂದ ಎಣ್ಣೆ ತುಪ್ಪ ಜೀರ್ಣವಾಗುವುದು ಅದರಿಂದ. ಅಂಥ ಆಮ್ಲಗಳಲ್ಲಿ ಡಿಆಕ್ಸಿಕೋಲಿಕ್ ಆಮ್ಲವೆಂಬುದು ಒಂದು. ಎತ್ತಿನ ಪಿತ್ತದಲ್ಲಿ ಅದು ದೊರೆಯುತ್ತದೆ. 1933ರಲ್ಲಿ ಜರ್ಮನಿಯ ವೀಲಾಂಡ್ ಮತ್ತು ಎಲಿಜಬೆತ್ ಡಾನೆ ಆ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ಬದಲಾಯಿಸಿ ಮೀಥೈಲ್‌ಕೊಲಾಂಥ್ರೀನ್ ಎಂಬ ಪದಾರ್ಥವನ್ನು ಪಡೆದರು. ಆ ಹೊತ್ತಿಗೆ ಲಂಡನ್ನಿನಲ್ಲಿ ಕೆನ್ನವೇ, ಕುಕ್, ಹೀಗರ್ ಮೊದಲಾದವರು ಡಾಂಬರಿನಲ್ಲಿ ಕ್ಯಾನ್ಸರನ್ನು ಹುಟ್ಟಿಸುವ ವಸ್ತು ಯಾವುದೆಂದು ಹುಡುಕುತ್ತಿದ್ದರು. ಚಿಮಣಿ ಗುಡಿಸುವ ಹುಡುಗರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆಂದು 1775ರಲ್ಲಿಯೇ ಪರ್ಸಿವಲ್ ಪಾಟ್ ಹೇಳಿದ್ದನು; 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಡಾಂಬರು ಹಚ್ಚಿ ಹಚ್ಚಿ ಕ್ಯಾನ್ಸರನ್ನು ಕಣ್ಣೆದುರು ಬರಿಸಿದ್ದರು. ಲಂಡನ್ನಿನವರು ಪಿತ್ತದಿಂದ ಬಂದ ಹೊಸ ಪದಾರ್ಥವನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ, ಅದು ಡಾಂಬರಿನ ವಸ್ತುವಿನಷ್ಟೇ ಉಗ್ರವಾಗಿ ಕ್ಯಾನ್ಸರನ್ನು ಹುಟ್ಟಿಸಿತು.

ಆ ಸುದ್ದಿ ಎಬ್ಬಿಸಿದ ಕಳವಳವನ್ನು ನೀವು ಊಹಿಸಬಹುದು. ನಮ್ಮದೇ ಪಿತ್ತದಿಂದ, ನಮ್ಮದೇ ಕೊಲೆಸ್ಟೆರಾಲಿನಿಂದ ದೇಹವೇ ಒಳಗೊಳಗೆ ಈ ವಿಷವನ್ನು ತಯಾರಿಸುತ್ತಿರಬಹುದೇ? ಹಲವು ವರ್ಷ ಹುಡುಕಿದರು. ದೇಹದಲ್ಲಿ ಅಂಥ ಮಾರ್ಪಾಟು ನಡೆಯುವುದು ಕಂಡುಬರಲಿಲ್ಲ. ಆದರೆ ಹುಡುಕಾಟ ವ್ಯರ್ಥವಾಗಲಿಲ್ಲ. ಇದೇ ವಿಷ ಪ್ರಯೋಗಶಾಲೆಗಳಲ್ಲಿ ಉಪಕರಣವಾಯಿತು. 1957ರಲ್ಲಿ ಅಮೆರಿಕದ ಪ್ರೆನ್ ಮತ್ತು ಮೇನ್ ಇದರಿಂದ ಇಲಿಗೆ ಗಡ್ಡೆ ಬರಿಸಿ, ಗಡ್ಡೆಯನ್ನು ನಿವಾರಿಸಿ, ಅದೇ ಗಡ್ಡೆಯ ತುಣುಕನ್ನು ಮತ್ತೆ ನಾಟಿದರು. ಹೊಸ ಇಲಿಯಲ್ಲಿ ಬೆಳೆಯುತ್ತಿದ್ದ ತುಣುಕು, ಒಮ್ಮೆ ಗಡ್ಡೆಯನ್ನು ಅನುಭವಿಸಿದ್ದ ಇಲಿಯಲ್ಲಿ ಬೆಳೆಯಲಿಲ್ಲ. ದೇಹ ತನ್ನದೇ ಕ್ಯಾನ್ಸರನ್ನು ಪರಕೀಯವೆಂದು ಗುರುತಿಸಿ ಹೊಡೆಯಬಲ್ಲದೆಂಬುದಕ್ಕೆ ಇದು ಗಟ್ಟಿಯಾದ ಆಧಾರ. 2001ರಲ್ಲಿ ಷ್ರೈಬರನ ತಂಡ, ಕಾವಲಿನ ಬಿಳಿಯ ಕಣಗಳಿಲ್ಲದ ಇಲಿಗಳಿಗೆ ಇದೇ ಪದಾರ್ಥದಿಂದ ಇನ್ನೂ ಸುಲಭವಾಗಿ ಗಡ್ಡೆ ಬರುವುದನ್ನು ತೋರಿಸಿತು. ಆ ಕಾವಲಿನ ಕಣಗಳಿಗೆ ಹಾಕಿದ ತಡೆಯನ್ನು ಸಡಿಲಿಸಿ ಕ್ಯಾನ್ಸರನ್ನು ಎದುರಿಸುವ ದಾರಿಯನ್ನು ಕಂಡ ಆಲಿಸನ್ ಮತ್ತು ಹೊಂಜೋ 2018ರಲ್ಲಿ ನೊಬೆಲ್ ಪಡೆದರು. ಪಿತ್ತದಿಂದ ಮೊದಲು ದೊರೆತ ವಿಷವೊಂದು ರೋಗನಿರೋಧದ ಪಾಠವನ್ನೂ ಕಲಿಸಿತು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಅದೇ ಎತ್ತಿನ ಪಿತ್ತ, ಅದೇ ಡಿಆಕ್ಸಿಕೋಲಿಕ್ ಆಮ್ಲ. 1940ರ ದಶಕದಲ್ಲಿ ಅಮೆರಿಕದ ಸ್ಯಾರೆಟ್ ಎಂಬ ತರುಣ ರಸಾಯನಶಾಸ್ತ್ರಜ್ಞನು ಅದನ್ನು ಹತ್ತಾರು ಹಂತಗಳಲ್ಲಿ ಮಾರ್ಪಡಿಸಿ ಕಾರ್ಟಿಸೋನ್ ಎಂಬ ಔಷಧವನ್ನು ಮಾಡಿದನು. ಕಾರ್ಟಿಸೋನ್ ಮೂತ್ರಪಿಂಡದ ನೆತ್ತಿಯಲ್ಲಿ ಕುಳಿತ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳಲ್ಲೊಂದು. ದೇಹ ಅದನ್ನು ಕೊಲೆಸ್ಟೆರಾಲಿನಿಂದಲೇ ರೂಪಿಸುತ್ತದೆ. 1944ರಲ್ಲಿ ಕೆಂಡಾಲನು ಸಂಗಡಿಗರೊಡನೆ, ಬಿಳಿಯ ರಕ್ತಕಣಗಳ ಜಾತಿಯ ಕ್ಯಾನ್ಸರ್ ಗಡ್ಡೆಯಿದ್ದ ಇಲಿಗಳಿಗೆ ಇದನ್ನು ಕೊಟ್ಟಾಗ ಗಡ್ಡೆಗಳು ಕುಗ್ಗಿದವು. 1948ರಲ್ಲಿ ಮೇಯೋ ಕ್ಲಿನಿಕ್ಕಿನ ಹೆಂಚ್, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳಿಗೆ ಇದನ್ನು ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಸಮುದ್ರಮಥನದ ಕಥೆ ನಮಗೆಲ್ಲ ಗೊತ್ತು: ಒಂದೇ ಕಡಲು, ಒಂದೇ ಕಡೆಗೋಲು, ಹಾಲಾಹಲವೂ ಅಮೃತವೂ ಬಂದವು. ಒಂದೇ ಪಿತ್ತಾಮ್ಲದಿಂದ ಕ್ಯಾನ್ಸರ್ ಹುಟ್ಟಿಸುವ ದ್ರವ್ಯವೂ ಕ್ಯಾನ್ಸರನ್ನು ಕುಗ್ಗಿಸುವ ದ್ರವ್ಯವೂ ಬಂದುದನ್ನು ನೋಡಿದರೆ ಆ ಕಥೆ ನೆನಪಾಗದಿರದು.

ಆದರೆ ಈ ಅಮೃತದ ಸ್ವಭಾವವನ್ನು ಚೆನ್ನಾಗಿ ತಿಳಿಯಬೇಕು. ಕಾರ್ಟಿಸೋನಿನ ವಂಶದ ಪ್ರೆಡ್ನಿಸೋಲೋನ್ ಮೊದಲಾದ ಔಷಧಗಳು ರೋಗನಿರೋಧಕ ಶಕ್ತಿಯ ಆವೇಶವನ್ನು ಅಡಗಿಸುತ್ತವೆ. ಕುಷ್ಠರೋಗದಲ್ಲಿ ಕೆಲವೊಮ್ಮೆ ದೇಹವೇ ಕೆರಳಿ ತನ್ನ ನರಗಳನ್ನು ಹಾಳುಮಾಡಿಕೊಳ್ಳುತ್ತದೆ. ಕೈ ಮೊಂಡಾಗದಂತೆ, ಕಣ್ಣು ಹೋಗದಂತೆ ಆ ಹೊತ್ತಿನಲ್ಲಿ ಕಾಯುವುದು ಪ್ರೆಡ್ನಿಸೋಲೋನ್. ಕುಷ್ಠ ಮತ್ತು ಕ್ಷಯ ಎರಡನ್ನೂ ಎದುರಿಸಿ ಕೆಲಸ ಮಾಡಿರುವ ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದಂಥ ಸಂಸ್ಥೆ ನಮ್ಮ ಸೀಮೆಯಲ್ಲಿರುವಾಗ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮೇಲೆ ಹೇಳಿದ ಹೊಸ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಳಿಯ ಕಣಗಳು ಮಿತಿಮೀರಿ ಕೆರಳಿ ರೋಗಿಯ ಸ್ವಂತ ಅಂಗಗಳನ್ನೇ ಹೊಡೆಯತೊಡಗಿದಾಗಲೂ ಕರೆಯುವುದು ಇದನ್ನೇ. ಆದರೆ ಆವೇಶ ಅಡಗಿದಾಗ ಕಾವಲೂ ಸಡಿಲವಾಗುತ್ತದೆ. ಒಳಗೆ ಮಲಗಿದ್ದ ಕ್ಷಯ ಏಳಬಹುದು, ಸಕ್ಕರೆರೋಗ ತಲೆದೋರಬಹುದು, ಮೂಳೆ ಟೊಳ್ಳಾಗಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಾವಗಡದಲ್ಲಿಯೂ ಸುತ್ತಿನ ತಾಲ್ಲೂಕುಗಳ ಎಷ್ಟೋ ಕಡೆಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುವುದು, ಬೆನ್ನು ಬಿಗಿಯುವುದು, ಕೀಲು ನೋಯುವುದು ಅದರ ಫಲ. ನೋವು ತಾಳಲಾರದವನಿಗೆ ಅದೇ ದಿನ ಹಗುರವೆನಿಸುವ ಸೂಜಿಯೋ ಹೆಸರಿಲ್ಲದ ಪುಡಿಯೋ ಸಿಕ್ಕಿದರೆ ಅವನು ಕೊಟ್ಟವನ ಕೈಗೆ ನಮಸ್ಕಾರ ಮಾಡುತ್ತಾನೆ. ನಮ್ಮ ದೇಶದಲ್ಲಿ ಇಂಥ ಪುಡಿಗಳಲ್ಲಿ ಕಾರ್ಟಿಸೋನಿನ ವಂಶದ ಔಷಧವನ್ನು ಗುಟ್ಟಾಗಿ ಬೆರೆಸುವುದು ಮತ್ತೆ ಮತ್ತೆ ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದವನ ಮುಖ ಊದುತ್ತದೆ. ಅವನ ಸ್ವಂತ ಗ್ರಂಥಿ ಕೆಲಸ ಮರೆತು ಮಲಗುತ್ತದೆ. ಪುಡಿಯನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಹೆಸರು ಹೇಳದ ಔಷಧವನ್ನು ತೆಗೆದುಕೊಳ್ಳಬೇಡಿರಿ. ತೆಗೆದುಕೊಳ್ಳುತ್ತಿದ್ದವರು ತಾವಾಗಿಯೇ ಬಿಡದೆ ವೈದ್ಯರಿಗೆ ತೋರಿಸಿರಿ. ಔಷಧ ಕೆಟ್ಟದ್ದಲ್ಲ, ಕಣ್ಣುಕಟ್ಟಿ ಕೊಡುವುದು ಕೆಟ್ಟದ್ದು.

ಸ್ತ್ರೀಪುರುಷರ ಹಾರ್ಮೋನುಗಳೂ ಇದೇ ಮನೆತನದವು. 1896ರಲ್ಲಿ ಗ್ಲಾಸ್ಗೋ ನಗರದ ಬೀಟ್ಸನ್ ಎಂಬ ಶಸ್ತ್ರವೈದ್ಯನು ಅಂಡಾಶಯಗಳನ್ನು ತೆಗೆದು ಸ್ತನದ ಕ್ಯಾನ್ಸರ್ ಕುಗ್ಗಿದುದನ್ನು ವರದಿಮಾಡಿದನು. ಹಾರ್ಮೋನು ಎಂಬ ಮಾತೇ ಆಗ ಹುಟ್ಟಿರಲಿಲ್ಲ. 1932ರಲ್ಲಿ ಪ್ಯಾರಿಸಿನ ಲಕಸಾಞ್ ಗಂಡು ಇಲಿಗಳಿಗೆ ಸ್ತ್ರೀ ಹಾರ್ಮೋನನ್ನು ಕೊಟ್ಟು ಸ್ತನದ ಕ್ಯಾನ್ಸರನ್ನು ಬರಿಸಿದನು. 1941ರಲ್ಲಿ ಷಿಕಾಗೋದ ಹಗಿನ್ಸ್, ಪುರುಷರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಉಂಡು ಬೆಳೆಯುತ್ತದೆಂದೂ ಅದನ್ನು ತಡೆದರೆ ಕುಗ್ಗುತ್ತದೆಂದೂ ಸ್ಥಾಪಿಸಿದನು. 1966ರಲ್ಲಿ ನೊಬೆಲ್ ದೊರೆಯಿತು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ನಮ್ಮ ಊರುಗಳಿಂದ ಹೋಗುವ ಅಕ್ಕತಂಗಿಯರಲ್ಲಿ ಎಷ್ಟೋ ಮಂದಿ ವರ್ಷಗಳ ಕಾಲ ನುಂಗುವ ಚಿಕ್ಕ ಗುಳಿಗೆ ಈ ವಿಚಾರದ ಫಲವೇ. ಆ ಹಾರ್ಮೋನು ಗಡ್ಡೆಯ ಬಾಗಿಲನ್ನು ತಟ್ಟದಂತೆ ಅದು ತಡೆದು ನಿಲ್ಲುತ್ತದೆ. ನೋವಿಲ್ಲವೆಂದು ನಡುವೆ ಗುಳಿಗೆ ಬಿಡಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿ.

ಕರ್ನಾಟಕದ ಪ್ರಯೋಗಶಾಲೆಗಳೂ ಈ ವಿಚಾರದಲ್ಲಿ ಸುಮ್ಮನಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರೂ ಅವರ ಶಿಷ್ಯರೂ ದೇಹ ಕೊಲೆಸ್ಟೆರಾಲನ್ನು ತಯಾರಿಸುವ ಬಗೆಯನ್ನು ಬಹುಕಾಲ ಪರಿಶೋಧಿಸಿದರು. ಮೈಸೂರಿನ ಆಹಾರ ಸಂಶೋಧನಾಲಯದವರು, ಅರಿಶಿನದ ಬಣ್ಣದ ಸತ್ವವನ್ನು ತಿನ್ನಿಸಿದ ಇಲಿಗಳಲ್ಲಿ ಕೊಲೆಸ್ಟೆರಾಲು ಕಡಮೆಯಾದುದನ್ನು 1970ರಲ್ಲಿ ಪ್ರಕಟಿಸಿದರು.

ಈಚಿನ ಶೋಧನೆಗಳು ಇನ್ನೂ ಸೂಕ್ಷ್ಮವಾದವು. ಕೊಲೆಸ್ಟೆರಾಲಿಗೆ ಒಂದೆರಡು ಆಮ್ಲಜನಕ ಸೇರಿದರೆ ಬೇರೆ ಬೇರೆ ದ್ರವ್ಯಗಳಾಗುತ್ತವೆ. 2011ರಲ್ಲಿ, ಅಂಥ ಒಂದು ದ್ರವ್ಯವು ಪ್ರತಿವಿಷವನ್ನು ತಯಾರಿಸುವ ಬಿಳಿಯ ಕಣಗಳಿಗೆ ದಾರಿ ತೋರಿಸಿ ತಕ್ಕ ಸ್ಥಾನಕ್ಕೆ ಕರೆದೊಯ್ಯುವುದು ತಿಳಿದುಬಂತು. 2013ರಲ್ಲಿ, ಇನ್ನೊಂದು ದ್ರವ್ಯ ವೈರಸ್ಸುಗಳು ಜೀವಕೋಶವನ್ನು ಹೊಗದಂತೆ ತಡೆಯುವುದು ಕಂಡಿತು. ಅದೇ 2013ರಲ್ಲಿ ಅಮೆರಿಕದ ಮ್ಯಾಕ್‌ಡಾನೆಲ್‌ನ ತಂಡ, 27ನೆಯ ಇಂಗಾಲಕ್ಕೆ ಆಮ್ಲಜನಕ ಸೇರಿದ ಮೂರನೆಯದು ಸ್ತ್ರೀ ಹಾರ್ಮೋನಿನ ವೇಷ ಹಾಕಿ ಇಲಿಗಳಲ್ಲಿ ಸ್ತನದ ಗಡ್ಡೆಯನ್ನು ಬೆಳೆಸುವುದನ್ನು ತೋರಿಸಿತು. ಕಾಯುವವನೂ ಕೆಡಿಸುವವನೂ ಒಡಹುಟ್ಟಿದವರು. ನಡುವಣ ಅಂತರ ಒಂದು ಆಮ್ಲಜನಕ ಕುಳಿತ ಸ್ಥಳದ್ದು.

ಹಾಗಾದರೆ ಬಿಸಿಲಿನ ಅನ್ನಾಂಗವನ್ನಾದರೂ ಬೇಕಾದಷ್ಟು ತಿಂದು ಕ್ಷಯವನ್ನೂ ಕ್ಯಾನ್ಸರನ್ನೂ ದೂರವಿಡಬಹುದೇ? 1903ರಲ್ಲಿ ಡೆನ್ಮಾರ್ಕಿನ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕೆ ನೊಬೆಲ್ ಪಡೆದಿದ್ದನು. 2006ರಲ್ಲಿ, ಬಿಳಿಯ ಕಣಗಳು ಕ್ಷಯದ ಕ್ರಿಮಿಯನ್ನು ಕೊಲ್ಲುವ ಅಸ್ತ್ರವನ್ನು ಹೂಡಲು ಡಿ ಅನ್ನಾಂಗ ಬೇಕೆಂಬುದು ಗೊತ್ತಾಯಿತು. ಆಸೆ ಬೆಳೆಯಿತು. ಆದರೆ ಮಂಗೋಲಿಯದ ಶಾಲಾಮಕ್ಕಳಿಗೆ ವಾರವಾರ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯಲ್ಲಿ, 2020ರ ವರದಿಯಂತೆ, ಕ್ಷಯದ ಸೋಂಕು ಕಡಮೆಯಾಗಲಿಲ್ಲ. ಅಮೆರಿಕದಲ್ಲಿ 25,871 ಮಂದಿಯನ್ನು ಐದು ವರ್ಷದ ಮೇಲೆ ಗಮನಿಸಿದ ಪರೀಕ್ಷೆಯಲ್ಲಿ, 2019ರ ವರದಿಯಂತೆ, ದಿನವೂ ಡಿ ತಿಂದವರಿಗೂ ತಿನ್ನದವರಿಗೂ ಕ್ಯಾನ್ಸರ್ ಬರುವುದರಲ್ಲಿ ಭೇದ ಕಾಣಲಿಲ್ಲ. ಕೊರತೆಯಿದ್ದವನು ತುಂಬಿಕೊಳ್ಳಬೇಕು, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಚೆಲ್ಲುತ್ತದೆ. ಡಿ ಮಿತಿಮೀರಿದರೆ ರಕ್ತದಲ್ಲಿ ಸುಣ್ಣ ಹೆಚ್ಚಿ ಮೂತ್ರಪಿಂಡಕ್ಕೆ ಹಾನಿಯೂ ಉಂಟು.

ಎರಡೂವರೆ ಶತಮಾನಗಳ ಈ ಚರಿತ್ರೆಯಲ್ಲಿ ಕೊಲೆಸ್ಟೆರಾಲು ಒಮ್ಮೆ ಕಲ್ಲು, ಒಮ್ಮೆ ಔಷಧದ ತಾಯಿ, ಒಮ್ಮೆ ಕ್ಯಾನ್ಸರಿನ ಬೀಜ, ಒಮ್ಮೆ ಹೃದಯದ ಹಗೆ ಎನ್ನಿಸಿಕೊಂಡಿದೆ. ಪ್ರತಿಸಲವೂ ಹೇಳಿದವರು ಕಂಡದ್ದನ್ನೇ ಹೇಳಿದರು; ಕಂಡದ್ದು ಒಂದು ಭಾಗ. ನಮ್ಮ ನಿತ್ಯಜೀವನಕ್ಕೆ ಇದರಿಂದ ಸಿಗುವ ಬುದ್ಧಿ ಸಣ್ಣದು, ಆದರೆ ಗಟ್ಟಿಯಾದದ್ದು. ರಕ್ತದಲ್ಲಿ ಹೆಚ್ಚಿದೆಯೆಂದು ವೈದ್ಯರು ಹೇಳಿದರೆ ಇಳಿಸಿಕೊಳ್ಳಿರಿ. ಹೆಸರು ಕೇಳಿದ ಮಾತ್ರಕ್ಕೆ ಹೆದರಿ ಬೆಳೆಯುವ ಮಗುವಿನ ಬಾಯಿಂದ ಮೊಟ್ಟೆಯನ್ನೂ ಹಾಲನ್ನೂ ಕಿತ್ತುಕೊಳ್ಳಬೇಡಿರಿ. ದಿನಕ್ಕೆ ಸ್ವಲ್ಪ ಹೊತ್ತು ಮೈಗೆ ಬಿಸಿಲು ತಾಗಲಿ. ಎದೆಯಲ್ಲಿ ಗಂಟು ಕಂಡವರು ಸಂಕೋಚಪಟ್ಟು ತಿಂಗಳು ಕಳೆಯದಿರಲಿ. ನೋವಿನ ಪುಡಿಯ ಪೊಟ್ಟಣ ಕೈಗೆ ಬಂದಾಗ, ಇದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ನಮಗೆಲ್ಲ ಬರಲಿ.